ಗುಡುಗುಮೀಸೆಯೂ ಮೂಲನಿಷ್ಠ ಯಂತ್ರವೂ

“ಕಣ್ಣು ಮಿಟುಕಿಸಬೇಡಿ ಅಹಲ್ಯಮ್ನೋರೆ! ಇವತ್ತಿಂದ ಯಾವ ಸಿನಿಮಾದೋನೂ ಯಾವ ಪುಸ್ತಕಕ್ಕೂ ಮೋಸ ಮಾಡೋ ಹಾಗಿಲ್ಲ!”

ಹೀಗೆಂದು ಘೋಷಿಸಿ ಫಾಲಾಕ್ಷಯ್ಯನವರು ಊಟದ ಮೇಜಿನ ಮೇಲಿದ್ದ ವಸ್ತುವಿನಿಂದ ಹಳೆಯ ಪಂಚೆಯನ್ನು ಸರ್ರನೆ ಎಳೆದರು. ಪಂಚೆ ಎಲ್ಲೋ ಸಿಕ್ಕಿಕೊಂಡು ಪರ್ರೆಂದು ಹರಿಯಿತು. ಒಳಗಿದ್ದದ್ದನ್ನು ಕಂಡ ಅಹಲ್ಯಮ್ಮ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಹಳೆಯ ಸಿನಿಮಾ ಪ್ರೊಜೆಕ್ಟರಿನ ಹೊಟ್ಟೆ, ಪಕ್ಕಕ್ಕೆ ಮಿಕ್ಸಿಯ ಮೋಟಾರು, ನೆತ್ತಿಯ ಮೇಲೆ ಎರಡು ಕ್ಯಾಮರಾ ಕಣ್ಣು, ಮುಂದಕ್ಕೆ ಚಾಚಿಕೊಂಡ ಒಂದು ಸ್ಟೀಲ್ ಸೌಟು.

“ಅಯ್ಯೋ, ನನ್ನ ಸಾರಿನ ಸೌಟು!” ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಫಾಲಾಕ್ಷಯ್ಯನವರ ಹೆಂಡತಿ ತುಂಗಮ್ಮ ಕೂಗಿದರು. “ಎರಡು ದಿನದಿಂದ ಹುಡುಕ್ತಿದೀನಿ!”

“ಅದೀಗ ಸೌಟಲ್ಲ ಕಣೆ. ಪುಸ್ತಕದ ಪುಟ ತಿರುಗಿಸೋ ಕೈ.”

“ಏನಿದರ ಹೆಸರು?” ಎಂದರು ಅಹಲ್ಯಮ್ಮ.

“ಮೂಲನಿಷ್ಠ ಯಂತ್ರ.”

“ಮೂಲ ಅಂದ್ರೆ ಡಾಕ್ಟರಿಗೆ ತೋರಿಸಿಕೊಳ್ಳೋಕೆ ನಾಚಿಕೆಯಾಗೋ ಕಾಯಿಲೆ ಅಲ್ವೇನ್ರೀ?” ಎಂದರು ತುಂಗಮ್ಮ.

ಫಾಲಾಕ್ಷಯ್ಯ ಮೂವತ್ತೊಂದು ವರ್ಷ ಮೈಸೂರಿನ ಒಂದು ಟಾಕೀಸಿನಲ್ಲಿ ಪ್ರೊಜೆಕ್ಟರ್ ಓಡಿಸಿದವರು. ನಿವೃತ್ತರಾದ ಮೇಲೆ ವಿಜ್ಞಾನಿಯಾದರು. ಹೋದ ವರ್ಷ ಪತ್ರಿಕೆಯನ್ನು ಗಟ್ಟಿಯಾಗಿ ಓದಿಹೇಳುವ ಯಂತ್ರ ಮಾಡಿದ್ದರು. ಅದು ಮೊದಲ ದಿನ ಎಲ್ಲ ಸುದ್ದಿಯನ್ನೂ ಓದಿತು. ಎರಡನೆಯ ದಿನದಿಂದ ನಿಧನವಾರ್ತೆಗಳನ್ನು ಮಾತ್ರ ಓದತೊಡಗಿತು. ಓದುವುದು ಎಂಥ ಭಾವ ತುಂಬಿ ಎಂದರೆ ತುಂಗಮ್ಮ ಗುರುತು ಪರಿಚಯವಿಲ್ಲದವರಿಗೆಲ್ಲ ದಿನಾ ಬೆಳಿಗ್ಗೆ ಅತ್ತು, ಕೊನೆಗೆ ಯಂತ್ರದ ಬಾಯಿಗೆ ಬಟ್ಟೆ ತುರುಕಿದ್ದರು.

ಈ ಹಿನ್ನೆಲೆ ಗೊತ್ತಿದ್ದೂ ಒಂಟಿಕೊಪ್ಪಲಿನ ಎದುರುಮನೆಯ ಅಹಲ್ಯಮ್ಮ ಇವತ್ತು ಬಂದು ಕೂತಿದ್ದರು. ಕಾರಣವಿತ್ತು. ಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರಾಗಿದ್ದ ಅವರು ಒಂದು ಕಾಲದಲ್ಲಿ ‘ಪುಟಾಣಿ ಪಟಾಕಿ’ ಎಂಬ ಮಕ್ಕಳ ಮಾಸಪತ್ರಿಕೆಗೆ ಒಂಬತ್ತು ವರ್ಷ ಚಿತ್ರ ಬಿಡಿಸಿ ಕತೆ ಬರೆದಿದ್ದರು. ಅದರ ನಾಯಕ ಗುಡುಗುಮೀಸೆ ಗಂಗಪ್ಪ. ಗಂಗಪ್ಪ ಬಲಮೀಸೆ ತಿರುವಿದರೆ ಗುಡುಗು, ಎಡಮೀಸೆ ತಿರುವಿದರೆ ಸಿಡಿಲು, ಎರಡನ್ನೂ ಒಟ್ಟಿಗೆ ತಿರುವಿದರೆ ದುಷ್ಟರು ತಾವಾಗಿಯೇ ಪೊಲೀಸ್ ಠಾಣೆಗೆ ಓಡುತ್ತಿದ್ದರು. ಪತ್ರಿಕೆ ನಿಂತು ಮೂವತ್ತೆರಡು ವರ್ಷವಾಗಿ, ಗಂಗಪ್ಪನನ್ನು ಎಲ್ಲರೂ ಮರೆತರು ಎಂದುಕೊಂಡಿದ್ದಾಗ ಪ್ರದ್ಯುಮ್ನ ಎಂಬ ನಿರ್ದೇಶಕ ಬಂದು, ಕಾಲಿಗೆ ನಮಸ್ಕಾರ ಮಾಡಿ, ಸಿನಿಮಾ ಮಾಡುತ್ತೇನೆಂದು ಒಪ್ಪಿಗೆ ಪಡೆದು ಹೋಗಿದ್ದ.

ಸಿನಿಮಾ ತಯಾರಾಯಿತು. ಅದರ ಟ್ರೇಲರನ್ನು ತುಂಗಮ್ಮನ ಮೊಬೈಲಿನಲ್ಲಿ ನೋಡಿದ ಅಹಲ್ಯಮ್ಮ ಆ ದಿನ ಊಟ ಬಿಟ್ಟರು. ಗುಡುಗುಮೀಸೆ ಗಂಗಪ್ಪನಿಗೆ ಮೀಸೆಯೇ ಇರಲಿಲ್ಲ! ಪಾತ್ರ ಮಾಡಿದ ರಾಕೆಟ್ ಅಗಸ್ತ್ಯ ಎಂಬ ತಾರೆ ಒಂದು ಶೇವಿಂಗ್ ಕ್ರೀಮಿನ ಜಾಹೀರಾತಿನಲ್ಲಿದ್ದನಂತೆ. ಮುಖದ ಮೇಲೆ ಒಂದು ಕೂದಲೂ ಬರಕೂಡದೆಂದು ಕರಾರು. ಹಾಗಾಗಿ ಗುಡುಗು ಈಗ ಕೈಗಡಿಯಾರದಿಂದ ಬರುತ್ತಿತ್ತು. ಇಷ್ಟು ಮಾಡಿಯೂ ಪ್ರದ್ಯುಮ್ನ ಫೋನಿನಲ್ಲಿ ಕೇಳಿಕೊಂಡಿದ್ದ: “ಭಾನುವಾರ ಮ್ಯಾಟ್ನಿಗೆ ಗಣ್ಯರಿಗೆ ತೋರಿಸ್ತಿದೀವಿ ಮೇಡಂ. ಮುಗಿದ ಮೇಲೆ ತಾವು ಸ್ಟೇಜಿಗೆ ಬಂದು ‘ಮೂಲಕ್ಕೆ ನಿಷ್ಠವಾಗಿದೆ’ ಅಂತ ಒಂದೇ ಒಂದು ಮಾತು ಹೇಳ್ಬೇಕು.”

ಒಂದೇ ಒಂದು ಮಾತು. ಅದೂ ಸುಳ್ಳು.

“ಪುಸ್ತಕ ಕೊಡಿ,” ಎಂದರು ಫಾಲಾಕ್ಷಯ್ಯ.

ಅಹಲ್ಯಮ್ಮ ಬೈಂಡ್ ಮಾಡಿಸಿಟ್ಟಿದ್ದ ಒಂಬತ್ತು ವರ್ಷದ ಗಂಗಪ್ಪನನ್ನು ಯಂತ್ರದ ಮುಂದಿಟ್ಟರು. ಸೌಟು ಬಾಗಿ, ಅಜ್ಜಿಯೊಬ್ಬಳು ಬೆರಳು ಒದ್ದೆ ಮಾಡಿಕೊಂಡು ಪುಟ ತಿರುಗಿಸುವಷ್ಟೇ ನಾಜೂಕಾಗಿ ಒಂದೊಂದೇ ಹಾಳೆ ಮಗುಚಿತು. ಫಾಲಾಕ್ಷಯ್ಯ ಟ್ರೇಲರನ್ನು ಯಂತ್ರಕ್ಕೆ ಹಾಯಿಸಿ, ಒಂದರಿಂದ ನೂರರವರೆಗೆ ಗುರುತಿದ್ದ ತಿರುಪನ್ನು ಹತ್ತಕ್ಕೆ ತಿರುಗಿಸಿದರು. ಗೋಡೆಯ ಮೇಲೆ ರಾಕೆಟ್ ಅಗಸ್ತ್ಯ ಮೂಡಿ, ಬೆಟ್ಟದ ತುದಿಯಲ್ಲಿ ನಿಂತು ಕೂದಲು ಹಾರಿಸಿದ. ಅವನ ಮೂಗಿನ ಕೆಳಗೆ ಎರಡು ಕಪ್ಪು ಚುಕ್ಕೆ ಕಂಡವು. ಚುಕ್ಕೆಗಳು ಗೆರೆಗಳಾದವು, ಗೆರೆಗಳು ಗುಂಗುರಾದವು, ಕೊನೆಗೆ ಒಂದು ಭರ್ಜರಿ ಮೀಸೆ ಕಿವಿಯವರೆಗೆ ಬೆಳೆದು ತುದಿಯಲ್ಲಿ ಸುರುಳಿ ಸುತ್ತಿಕೊಂಡಿತು!

ಅಹಲ್ಯಮ್ಮ ಕೂತಲ್ಲಿಂದಲೇ ಮುಂದಕ್ಕೆ ಬಾಗಿದರು. “ನನ್ನ ಗಂಗಪ್ಪ,” ಎಂದರು.

“ಬರೀ ಹತ್ತಕ್ಕೆ ಇಷ್ಟು!” ಎಂದರು ಫಾಲಾಕ್ಷಯ್ಯ. “ಭಾನುವಾರ ಟಾಕೀಸಿನಲ್ಲಿ ಎಷ್ಟಕ್ಕಿಡೋಣ? ಇಪ್ಪತ್ತು? ಮೂವತ್ತು?”

“ಅಲ್ರೀ, ಆ ಹುಡುಗನ್ನ ಕೇಳದೆ ಅವನ ಸಿನಿಮಾಕ್ಕೆ ಕೈ ಹಾಕೋದು ಸರೀನಾ ಅಹಲ್ಯಕ್ಕ?” ಎಂದರು ತುಂಗಮ್ಮ.

“ಮೀಸೆ ಬೋಳಿಸುವಾಗ ಅವನು ನನ್ನ ಕೇಳಿದ್ನಾ?” ಅಹಲ್ಯಮ್ಮ ಎದ್ದು ನಿಂತರು. “ನೂರಕ್ಕಿಡಿ ಫಾಲಾಕ್ಷಯ್ಯನೋರೆ. ನನ್ನ ಪುಸ್ತಕದಲ್ಲಿ ಇರೋದೆಲ್ಲ ಬರ್ಬೇಕು. ಇಲ್ಲದ್ದು ಒಂದೂ ಬರಬಾರ್ದು!”

*

ಭಾನುವಾರ ಮಧ್ಯಾಹ್ನ ಟಾಕೀಸು ತುಂಬಿ ತುಳುಕುತ್ತಿತ್ತು. ಪ್ರೊಜೆಕ್ಟರ್ ಕೋಣೆಯಲ್ಲಿ ಈಗಿರುವವನು ಫಾಲಾಕ್ಷಯ್ಯನ ಶಿಷ್ಯನೇ. ಗುರುಗಳು ಪಂಚೆ ಸುತ್ತಿದ ಗಂಟಿನೊಂದಿಗೆ ಬಂದದ್ದನ್ನು ನೋಡಿ, ಹಳೆಯ ಅನುಭವದಿಂದ ಅವನು ಕಾಫಿ ಕುಡಿಯುವ ನೆಪದಲ್ಲಿ ಹೊರಟುಹೋದ. ಕೆಳಗೆ ಎರಡನೆಯ ಸಾಲಿನಲ್ಲಿ ಅಹಲ್ಯಮ್ಮ ರೇಷ್ಮೆ ಸೀರೆಯಲ್ಲಿ ಕೂತರು. ಪಕ್ಕದಲ್ಲಿ ತುಂಗಮ್ಮ, ಮನೆಯಲ್ಲಿ ಕರಿದು ಕಾಗದದಲ್ಲಿ ಕಟ್ಟಿ ತಂದಿದ್ದ ಬೋಂಡದ ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡಿದ್ದರು. ಮುಂದಿನ ಸಾಲಿನಲ್ಲಿ ಪ್ರದ್ಯುಮ್ನ, ರಾಕೆಟ್ ಅಗಸ್ತ್ಯ, ನಾಯಕಿ.

ದೀಪ ಆರಿತು. ಅಹಲ್ಯಮ್ಮನ ಫೋನು ಗುಂಯ್ ಎಂದಿತು. ಮೇಲಿನಿಂದ ಫಾಲಾಕ್ಷಯ್ಯ. “ನೂರಕ್ಕೆ ಇಟ್ಟಿದೀನಿ. ಒಂದೇ ಸಲಕ್ಕೆ ಏರಲ್ಲ, ಯಂತ್ರ ಕಾದ ಹಾಗೆಲ್ಲ ನಿಧಾನಕ್ಕೆ ಏರುತ್ತೆ. ಈಗ ಇಪ್ಪತ್ತು!”

ಪರದೆಯ ಮೇಲೆ ಮೀಸೆ ಚಿಗುರಿತು. ಜನ ಶಿಳ್ಳೆ ಹೊಡೆದರು. ರಾಕೆಟ್ ಅಗಸ್ತ್ಯ ಗಾಬರಿಯಿಂದ ತನ್ನ ಮೇಲ್ದುಟಿ ಮುಟ್ಟಿನೋಡಿಕೊಂಡ. “ಏನ್ ಸಾರ್ ಇದು? ಕ್ರೀಮ್ ಕಂಪನಿಯವರು ಹಿಂದಿನ ಸಾಲಲ್ಲೇ ಕೂತಿದ್ದಾರೆ!”

“ನಾನು ಹಾಕಿಸಿದ್ದಲ್ಲ ಅದು!” ಎಂದ ಪ್ರದ್ಯುಮ್ನ. ಅವನೂ ಪರದೆಯನ್ನೇ ನೋಡುತ್ತಿದ್ದ, ಬಾಯಿ ತೆರೆದುಕೊಂಡು.

ಅಹಲ್ಯಮ್ಮ ಸೆರಗಿನ ಮರೆಯಲ್ಲಿ ನಕ್ಕರು.

“ನಲವತ್ತು!” ಎಂದಿತು ಫೋನು.

ಆಗ ಪರದೆಯ ಮೇಲೆ ಹಿಮದ ಬೆಟ್ಟದಲ್ಲಿ ಯುಗಳಗೀತೆ ಶುರುವಾಗಿತ್ತು. ನಾಯಕಿ ಕೆಂಪು ಸೀರೆ ಹಾರಿಸುತ್ತ ಓಡಿಬಂದವಳು ಅರ್ಧ ದಾರಿಯಲ್ಲಿ ಮಾಯವಾದಳು. ಮೂಲದಲ್ಲಿ ನಾಯಕಿಯೇ ಇರಲಿಲ್ಲ! ಅಹಲ್ಯಮ್ಮ ಬರೆದ ಒಂಬತ್ತು ವರ್ಷದಲ್ಲಿ ಗಂಗಪ್ಪನ ಜೊತೆಗಿದ್ದ ಹೆಣ್ಣುಜೀವ ಒಂದೇ, ಅವನ ಎಮ್ಮೆ ಭಾಗೀರಥಿ. ಯಂತ್ರ ಒಂದು ಕ್ಷಣ ಯೋಚಿಸಿದಂತೆ ಗರಗರ ಎಂದು, ಅವಳ ಜಾಗಕ್ಕೆ ಭಾಗೀರಥಿಯನ್ನು ಇಳಿಸಿತು. ಗಂಗಪ್ಪ ಎಮ್ಮೆಯ ಕೊರಳಿಗೆ ತಲೆಯಾನಿಸಿ, ಅದರ ಕಣ್ಣಲ್ಲಿ ಕಣ್ಣಿಟ್ಟು, ನೀನಿಲ್ಲದೆ ನಾನಿಲ್ಲ ಎಂದು ಹಾಡಿದ. ಎಮ್ಮೆ ಮೆಲುಕು ಹಾಕುತ್ತ ಕೇಳಿತು.

“ನಾನೆಲ್ಲಿ?” ನಾಯಕಿ ಎದ್ದು ನಿಂತಳು. “ಮೂರು ದಿನ ಆ ಚಳಿಯಲ್ಲಿ ತೆಳ್ಳನೆ ಸೀರೆ ಉಟ್ಟು ನಡುಗಿದೀನಿ ನಾನು!”

“ಕೂತ್ಕೊಳ್ಳಮ್ಮ, ಎಮ್ಮೆ ಕಾಣ್ತಿಲ್ಲ!” ಎಂದು ಹಿಂದಿನವರು ಕೂಗಿದರು.

ತುಂಗಮ್ಮ ಒಂದು ಬೋಂಡ ತೆಗೆದು ಕಚ್ಚಿದರು. “ಎಮ್ಮೆ ಚೆನ್ನಾಗಿ ಮಾಡಿದೆ ಅಹಲ್ಯಕ್ಕ. ಹೊಸಬಳು ಅನ್ನಿಸೋದೇ ಇಲ್ಲ.”

“ಅರವತ್ತು!”

ಈಗ ಧ್ವನಿ ನಿಂತಿತು. ಪುಸ್ತಕಕ್ಕೆ ಎಲ್ಲಿಯ ಧ್ವನಿ? ಪಾತ್ರಗಳ ಬಾಯಿಂದ ಬಿಳಿಯ ಬುಗ್ಗೆಗಳು ಹೊರಟು, ಮಾತುಗಳೆಲ್ಲ ಅದರೊಳಗೆ ಅಚ್ಚಾಗಿ ಮೂಡಿದವು. ಆರುನೂರು ಜನ ಗಟ್ಟಿಯಾಗಿ ಓದತೊಡಗಿದರು. ಬೇಗ ಓದುವವರು ಮುಂದೆ ಹೋದರು, ನಿಧಾನದವರು “ಸ್ವಲ್ಪ ತಡೀರಿ!” ಎಂದು ಬೈದರು. ಖಳನಾಯಕ ಕತ್ತಿ ಎತ್ತಿ, ಕಣ್ಣು ಕೆಂಪಗೆ ಮಾಡಿ ಗಂಗಪ್ಪನಿಗೆ ಹೇಳಿದ: ‘ಇವತ್ತು ನಿನ್ನನ್ನು ಕೊಳ್ಳುತ್ತೇನೆ!’

ಟಾಕೀಸು ಬಿದ್ದು ಬಿದ್ದು ನಕ್ಕಿತು. ಅಹಲ್ಯಮ್ಮನ ಮುಖ ಬಿಳಚಿಕೊಂಡಿತು. ‘ಕೊಲ್ಲುತ್ತೇನೆ’ ಎಂದೇ ಅವರು ಬರೆದಿದ್ದರು. ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸಿದವನ ಕೈತಪ್ಪು ಅದು. ಆ ಸಂಚಿಕೆ ಬಂದಾಗ ಎರಡು ದಿನ ಅತ್ತಿದ್ದರು.

“ಹಲೋ, ಫಾಲಾಕ್ಷಯ್ಯನೋರೆ! ಸಾಕು, ಇಳಿಸಿ!” ಎಂದು ಫೋನಿಗೆ ಪಿಸುಗುಟ್ಟಿದರು.

“ಇಳಿಸ್ತಿದ್ದೆ,” ಎಂದಿತು ಫೋನು. “ತಿರುಪು ಕೈಗೇ ಬಂದ್ಬಿಟ್ಟಿದೆ.”

“ಹಾಗಾದ್ರೆ ವೈರು ಕೀಳಿ!”

“ಕರೆಂಟ್ ಹೋದ್ರೆ ಅಂತ ಬ್ಯಾಟರಿ ಇಟ್ಟಿದೀನಲ್ಲ, ನನ್ನ ಬುದ್ಧಿ ನೋಡಿ! ಅಲ್ದೆ ಸಿನಿಮಾ ಪೂರ್ತಿ ಈಗ ಇದರ ಹೊಟ್ಟೆಯೊಳಗಿದೆ. ಮಧ್ಯದಲ್ಲಿ ಕಿತ್ರೆ ಎಲ್ಲ ಅಳಿಸಿಹೋಗುತ್ತೆ… ಎಂಬತ್ತು!”

ಎಂಬತ್ತರಲ್ಲಿ ಅಹಲ್ಯಮ್ಮನ ಗುಟ್ಟುಗಳು ಹೊರಬಿದ್ದವು.

ಡ್ರಾಯಿಂಗ್ ಟೀಚರಾಗಿದ್ದರೂ ಅವರಿಗೆ ಕುದುರೆಯ ಕಾಲು ಬರೆಯಲು ಬರುತ್ತಿರಲಿಲ್ಲ. ಎಷ್ಟು ತಿದ್ದಿದರೂ ಸ್ಟೂಲಿನ ಕಾಲಿನ ಹಾಗೇ ಕಾಣುತ್ತಿತ್ತು. ಆದ್ದರಿಂದ ಕುದುರೆ ಬಂದಲ್ಲೆಲ್ಲ ಅದರ ಮುಂದೆ ಒಂದು ಪೊದೆ ಬರೆದುಬಿಡುತ್ತಿದ್ದರು. ಒಂಬತ್ತು ವರ್ಷ ಒಬ್ಬ ಓದುಗನೂ ಅದನ್ನು ಗಮನಿಸಿರಲಿಲ್ಲ. ಈಗ ಪರದೆಯ ಮೇಲೆ ಎಂಟು ಜನ ದರೋಡೆಕೋರರು ಬಯಲಿನಲ್ಲಿ ಕುದುರೆ ಓಡಿಸಿಕೊಂಡು ಬಂದರೆ, ಪ್ರತಿ ಕುದುರೆಯ ಮುಂದೆಯೂ ಒಂದೊಂದು ಪೊದೆ ನಾಗಾಲೋಟದಲ್ಲಿ ಓಡಿತು! ಎರಡು ಪೊದೆಗಳು ಡಿಕ್ಕಿ ಹೊಡೆದುಕೊಂಡವು.

ಕೈಬೆರಳೂ ಅವರಿಗೆ ಬರುತ್ತಿರಲಿಲ್ಲ. ಗಂಗಪ್ಪನ ಕೈ ಯಾವಾಗಲೂ ಜೇಬಿನಲ್ಲೋ ಬೆನ್ನ ಹಿಂದೋ, ಮೀಸೆ ತಿರುವುವಾಗಲಾದರೆ ಗುಡುಗಿನ ಮೋಡದಲ್ಲೋ ಇರುತ್ತಿತ್ತು. ರಾಕೆಟ್ ಅಗಸ್ತ್ಯ ಆರು ತಿಂಗಳು ಕಲಿತ ಹೊಡೆದಾಟವನ್ನೆಲ್ಲ ಪರದೆಯ ಮೇಲೆ ಜೇಬಿನಲ್ಲಿ ಕೈ ಇಟ್ಟುಕೊಂಡೇ ಮಾಡಿದ, ಬಸ್ಸಿಗೆ ಕಾಯುವವನ ಹಾಗೆ. ಜೊತೆಗೆ ಆ ಕಾಲದ ಬಣ್ಣದ ಅಚ್ಚು ಬೇರೆ. ತುಟಿಯ ಕೆಂಪು ಜರುಗಿ ಕಿವಿಯ ಮೇಲೆ ಕೂತಿತ್ತು.

ಜನರ ನಗು ನಿಲ್ಲಲಿಲ್ಲ. ಅಹಲ್ಯಮ್ಮ ಕುರ್ಚಿಯಲ್ಲಿ ಕುಗ್ಗುತ್ತ ಕುಗ್ಗುತ್ತ ತುಂಗಮ್ಮನ ಭುಜಕ್ಕಿಂತ ಕೆಳಗಾದರು. ಇಷ್ಟು ನಿಷ್ಠೆ ಅವರಿಗೆ ಬೇಕಿರಲಿಲ್ಲ. ತಮ್ಮ ಪುಸ್ತಕ ತಮಗೆ ನೆನಪಿದ್ದ ಹಾಗೆ ಬಂದಿದ್ದರೆ ಸಾಕಿತ್ತು. ನಿಜವಾಗಿ ಇದ್ದ ಹಾಗೆ ಬರಲಿ ಎಂದು ಯಾರು ಕೇಳಿದ್ದರು? ತಾವೇ. ಎದ್ದು ನಿಂತು ಕೇಳಿದ್ದರು.

“ನೂರು!”

ಎಲ್ಲವೂ ನಿಂತುಹೋಯಿತು.

ಊರಿನ ಗಡಿಯಾರದ ಗೋಪುರ. ಅದರ ದೊಡ್ಡ ಮುಳ್ಳಿಗೆ ಗಂಗಪ್ಪ ತೋಳು ಸಿಕ್ಕಿಸಿಕೊಂಡು ನೇತಾಡುತ್ತಿದ್ದಾನೆ. ಮಳೆಯಲ್ಲಿ ಮೀಸೆ ನೆನೆದು ಜೋತುಬಿದ್ದಿದೆ, ಗುಡುಗು ಬರುತ್ತಿಲ್ಲ. ಕೆಳಗೆ ಒಂದೇ ಪದ: ‘ಸಶೇಷ’.

ಒಂದು ನಿಮಿಷವಾಯಿತು. ಎರಡು, ಐದು ನಿಮಿಷವಾಯಿತು. ಚಿತ್ರ ಮಿಸುಕಲಿಲ್ಲ. ನಗುತ್ತಿದ್ದವರು ಒಬ್ಬೊಬ್ಬರಾಗಿ ಸುಮ್ಮನಾದರು. ಸಿನಿಮಾದಲ್ಲಿ ಇನ್ನೂ ಅರ್ಧ ಗಂಟೆ ಉಳಿದಿತ್ತು, ಪುಸ್ತಕದಲ್ಲಿ ಪುಟ ಉಳಿದಿರಲಿಲ್ಲ. ಪತ್ರಿಕೆ ನಿಂತದ್ದು ಅಲ್ಲಿಗೇ.

ಫಾಲಾಕ್ಷಯ್ಯ ಬೆವರು ಒರೆಸಿಕೊಳ್ಳುತ್ತ ಕೆಳಗೆ ಓಡಿಬಂದರು. “ಸೌಟು ಮುಂದಿನ ಪುಟ ಹುಡುಕ್ತಾ ಇದೆ. ಸಿಗೋವರೆಗೂ ಬಿಡಲ್ಲ ಅದು!”

“ಯಾರ್ರೀ ನೀವು? ಯಾವ ಸೌಟು?” ಪ್ರದ್ಯುಮ್ನ ಎದ್ದ. ಫಾಲಾಕ್ಷಯ್ಯ ಎಲ್ಲವನ್ನೂ ಒಂದೇ ಉಸಿರಿನಲ್ಲಿ, ಹೆಮ್ಮೆ ಬಿಡದೆ ಹೇಳಿದರು. ಪ್ರದ್ಯುಮ್ನ ತಲೆ ತಲೆ ಚಚ್ಚಿಕೊಂಡ. “ಪೂರ್ತಿಯಾದ ಪ್ರತಿ ಅದೊಂದೇ! ಇವತ್ತು ಬೆಳಿಗ್ಗೆ ಕೆಲಸ ಮುಗಿಸಿ ನೇರ ಇಲ್ಲಿಗೆ ತಂದಿದೀನಿ. ಶುಕ್ರವಾರ ರಿಲೀಸು!”

“ತಪ್ಪು ಅವರದಲ್ಲಪ್ಪ,” ಎಂದರು ಅಹಲ್ಯಮ್ಮ. “ನೂರಕ್ಕಿಡಿ ಅಂದವಳು ನಾನು. ಮೀಸೆ ತೆಗೆದ್ಯಲ್ಲ ಅಂತ ಸಿಟ್ಟಿತ್ತು.”

ಪ್ರದ್ಯುಮ್ನ ಬೈಯುತ್ತಾನೆಂದು ಅವರು ತಲೆ ತಗ್ಗಿಸಿದರು. ಅವನು ಪರದೆಯ ಕಡೆ ನೋಡುತ್ತಿದ್ದ.

“ಇದೇ ಚಿತ್ರ,” ಎಂದ. “ಏಳನೇ ಕ್ಲಾಸಲ್ಲಿದ್ದೆ ಮೇಡಂ. ಅವನನ್ನ ಇಲ್ಲಿ ನೇತುಹಾಕಿ ಹೋಗ್ಬಿಟ್ರಿ. ಮುಂದಿನ ತಿಂಗಳು ಅಂಗಡಿಗೆ ಹೋದ್ರೆ ಪತ್ರಿಕೆ ಬರ್ಲಿಲ್ಲ. ಅದರ ಮುಂದಿನ ತಿಂಗಳೂ ಬರ್ಲಿಲ್ಲ. ಹದಿನಾಲ್ಕು ಕಾಗದ ಬರೆದೆ, ಉತ್ತರ ಇಲ್ಲ. ಮೀಸೆ ವಿಷಯದಲ್ಲಿ ನಾನು ಸೋತೆ, ಒಪ್ಕೋತೀನಿ. ದುಡ್ಡು ಹಾಕೋರು ಕೇಳ್ಲಿಲ್ಲ. ಆದ್ರೆ ಈ ಸಿನಿಮಾ ಮಾಡಿದ್ದೇ ಇವನನ್ನ ಕೆಳಗಿಳಿಸೋಕೆ ಅಮ್ಮ! ಅದನ್ನೇ ನಿಮ್ಮ ಯಂತ್ರ ಅಳಿಸಿದೆ.”

ಆ ಹದಿನಾಲ್ಕು ಕಾಗದಗಳು ಅಹಲ್ಯಮ್ಮನ ಬೀರುವಿನಲ್ಲಿದ್ದವು. ಸಂಪಾದಕರು ಕಳಿಸಿಕೊಟ್ಟಿದ್ದರು. ಜೊತೆಗೆ ‘ಕೊನೆಯ ಒಂದು ಪುಟ ಬರೆದುಕೊಡಿ, ಅದಕ್ಕಾಗಿಯೇ ಇನ್ನೊಂದು ಸಂಚಿಕೆ ತರುತ್ತೇನೆ’ ಎಂಬ ಚೀಟಿಯೂ ಇತ್ತು. ಈ ವಿಷಯ ಅವರು ಯಾರಿಗೂ ಹೇಳಿರಲಿಲ್ಲ. ಈಗ ಹೇಳಿದರು, ಆರುನೂರು ಜನರ ನಡುವೆ, ಮೆಲ್ಲಗೆ.

“ನನಗೇ ಗೊತ್ತಾಗ್ಲಿಲ್ಲಪ್ಪ, ಹೇಗೆ ಇಳಿಸೋದು ಅಂತ. ಮೀಸೆ ನೆನೆಸಿದ್ದೂ ನಾನೇ, ಅಲ್ಲಿ ನೇತುಹಾಕಿದ್ದೂ ನಾನೇ. ಆಮೇಲೆ ದಾರಿ ಹೊಳೀಲೇ ಇಲ್ಲ. ಪತ್ರಿಕೆ ನಿಂತಾಗ ಎಲ್ಲರ ಎದುರು ಅತ್ತೆ. ಒಳಗೊಳಗೇ ನಿರಾಳವಾಗಿತ್ತು.” ಆಮೇಲೆ ಕೇಳಿದರು: “ನೀನು ಹೇಗೆ ಇಳಿಸಿದೆ?”

ಪ್ರದ್ಯುಮ್ನ ತಡವರಿಸಿದ. “ಊರಿನ ಜನ ಎಲ್ಲ ಮನೆಮನೆಯಿಂದ ಹಾಸಿಗೆ ಹೊತ್ಕೊಂಡು ಬರ್ತಾರೆ. ಚಾಪೆ, ಕಂಬಳಿ, ದಿಂಬು, ತೊಟ್ಟಿಲೊಳಗಿನ ಮೆತ್ತೆ ಕೂಡ. ಗೋಪುರದ ಕೆಳಗೆ ಗುಡ್ಡದಷ್ಟು ಒಟ್ಟುತ್ತಾರೆ. ಆಮೇಲೆ ‘ಕೈ ಬಿಡಪ್ಪಾ ಗಂಗಪ್ಪ’ ಅಂತ ಕೂಗ್ತಾರೆ. ಬಿಡ್ತಾನೆ.”

“ಅಷ್ಟೇನಾ?”

“ಅಷ್ಟೇ.”

ಅಹಲ್ಯಮ್ಮ ಪರದೆಯ ಕಡೆ ತಿರುಗಿದರು. ಒಂಬತ್ತು ವರ್ಷ ಗಂಗಪ್ಪ ಊರನ್ನು ಕಾಪಾಡುವುದನ್ನೇ ಬರೆದಿದ್ದರು. ಊರು ಗಂಗಪ್ಪನನ್ನು ಕಾಪಾಡಬಹುದೆಂದು ಒಂದು ದಿನವೂ ಹೊಳೆದಿರಲಿಲ್ಲ.

“ಫಾಲಾಕ್ಷಯ್ಯನೋರೆ, ಸೌಟಿಗೆ ಬೇಕಾಗಿರೋದು ಮುಂದಿನ ಪುಟ ತಾನೇ? ನನ್ನ ಕೈಯಲ್ಲೇ ಬರೆದದ್ದು?”

“ಹೌದು!”

“ಯಾರಾದ್ರೂ ಕಾಗದ ಕೊಡಿ!”

ಗಣ್ಯರ ಹತ್ತಿರ ಮೊಬೈಲುಗಳಿದ್ದವು, ಕಾಗದವಿರಲಿಲ್ಲ. ತುಂಗಮ್ಮ ಉಳಿದ ಬೋಂಡಗಳನ್ನು ರಾಕೆಟ್ ಅಗಸ್ತ್ಯನ ಕೈಗೆ ಸುರಿದು, ಪೊಟ್ಟಣದ ಕಾಗದ ಬಿಡಿಸಿ ಕೊಟ್ಟರು. ಕ್ರೀಮ್ ಕಂಪನಿಯವರು ಬಾಲ್‌ಪೆನ್ ಕೊಟ್ಟರು. ಅಹಲ್ಯಮ್ಮ ಕಾಗದವನ್ನು ಮಂಡಿಯ ಮೇಲೆ ಹರಡಿಕೊಂಡು ಗೋಪುರ ಬರೆದರು, ಮಳೆ ನಿಂತ ಆಕಾಶಕ್ಕೆ ಒಂದು ಚಂದ್ರ ಬರೆದರು, ಜನ ಬರೆದರು, ಹಾಸಿಗೆಗಳ ಗುಡ್ಡ ಬರೆದರು. ಗಂಗಪ್ಪನ ಹತ್ತಿರ ಬಂದಾಗ ಪೆನ್ನು ನಿಂತಿತು. ಕೈ ಬಿಡಬೇಕಾದವನ ಕೈ ಜೇಬಿನಲ್ಲಿರಲು ಸಾಧ್ಯವಿರಲಿಲ್ಲ.

“ತುಂಗಾ, ಕೈ ಮೇಲೆತ್ತಿ ಬೆರಳು ಬಿಡಿಸಿ ಹಿಡ್ಕೊ. ಅಲ್ಲಾಡಿಸಬೇಡ.”

ತುಂಗಮ್ಮ ಎಣ್ಣೆಗೈ ಎತ್ತಿ ನಿಂತರು. ಅಹಲ್ಯಮ್ಮ ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಮೊದಲ ಸಲ ಪೂರ್ತಿ ಐದು ಬೆರಳು ಬರೆದರು. ಬೆರಳುಗಳು ಬೆಂಡೆಕಾಯಿಯ ಹಾಗಿದ್ದವು. ಆದರೆ ತೆರೆದಿದ್ದವು.

ಫಾಲಾಕ್ಷಯ್ಯ ಕಾಗದ ಹಿಡಿದು ಮೇಲಕ್ಕೆ ಓಡಿದರು. ಯಂತ್ರ ಗರಗರ ಎಂದಿತು. ಪರದೆಯ ಮೇಲೆ ನಡುಗುವ ನೀಲಿ ಗೆರೆಗಳಲ್ಲಿ ಜನರು ನಡೆದುಬಂದರು, ತಲೆಯ ಮೇಲೆ ಹಾಸಿಗೆ ಹೊತ್ತು, ಸಾಲು ಸಾಲಾಗಿ. ಗಂಗಪ್ಪ ಕೆಳಗೆ ನೋಡಿದ. ಎರಡೂ ಕೈ ಬಿಟ್ಟ. ಮೆಲ್ಲಗೆ, ತುಂಬ ಮೆಲ್ಲಗೆ ಬಿದ್ದ. ದಿಂಬುಗಳ ನಡುವೆ ಹೂತುಹೋಗಿ, ಒಂದು ಕ್ಷಣದ ಮೇಲೆ ಮೀಸೆಯ ತುದಿಗಳೆರಡು ಹೊರಗೆ ಕಾಣಿಸಿಕೊಂಡವು.

ಟಾಕೀಸಿನಲ್ಲಿ ಯಾರೂ ಶಿಳ್ಳೆ ಹೊಡೆಯಲಿಲ್ಲ. ಪ್ರದ್ಯುಮ್ನ ಏಳನೆಯ ಕ್ಲಾಸಿನ ಹುಡುಗನ ಹಾಗೆ ಅಳುತ್ತಿದ್ದ. ರಾಕೆಟ್ ಅಗಸ್ತ್ಯ ಬೋಂಡಗಳನ್ನು ಎದೆಗೊತ್ತಿಕೊಂಡು ಅಳುತ್ತಿದ್ದ. ಆಮೇಲೆ ಚಪ್ಪಾಳೆ ಶುರುವಾಯಿತು, ನಿಲ್ಲಲಿಲ್ಲ. ಆ ಗದ್ದಲದಲ್ಲಿ ಮೇಲಿನ ಕೋಣೆಯಿಂದ ಢಮ್ ಎಂಬ ಸದ್ದೂ ಹೊಗೆಯೂ ಬಂದದ್ದನ್ನು ಯಾರೂ ಲೆಕ್ಕಿಸಲಿಲ್ಲ. ತಾನು ಬದಲಿಸಿದ ಸಿನಿಮಾವನ್ನು ಹಾಗೇ ಉಗುಳಿಬಿಟ್ಟು, ಮೂಲನಿಷ್ಠ ಯಂತ್ರ ಕಣ್ಣು ಮುಚ್ಚಿತ್ತು.

ಅಹಲ್ಯಮ್ಮ ವೇದಿಕೆ ಹತ್ತಿ ಮೈಕಿನ ಮುಂದೆ ನಿಂತರು. “ಈ ಸಿನಿಮಾ ಮೂಲಕ್ಕೆ ನಿಷ್ಠವಾಗಿದೆ,” ಎಂದರು. “ಕೊನೆಯ ಪುಟ ಮಾತ್ರ ಮೂಲವೇ ಸಿನಿಮಾಕ್ಕೆ ನಿಷ್ಠವಾಗಿದೆ.”

*

ತಿದ್ದಲು ಸಮಯವಿರದೆ ಸಿನಿಮಾ ಶುಕ್ರವಾರ ಇದ್ದ ಹಾಗೆಯೇ ತೆರೆ ಕಂಡಿತು. ಓಡುವ ಪೊದೆಗಳು ಪ್ರಕೃತಿಯ ಪ್ರತಿರೋಧ ಎಂದು ವಿಮರ್ಶಕರು ಬರೆದರು. ‘ನಿನ್ನನ್ನು ಕೊಳ್ಳುತ್ತೇನೆ’ ಎಂಬ ಮಾತು ಮಾರುಕಟ್ಟೆ ವ್ಯವಸ್ಥೆಯ ಮೇಲಿನ ಅತ್ಯಂತ ಹರಿತವಾದ ಟೀಕೆ ಎನಿಸಿಕೊಂಡಿತು. ಭಾಗೀರಥಿಗೆ ಒಂದು ಪ್ರಶಸ್ತಿಯೂ ಬಂತು. ಅಂಥ ಎಮ್ಮೆಯೇ ಇಲ್ಲವೆಂದು ಪ್ರದ್ಯುಮ್ನ ಎಷ್ಟು ಹೇಳಿದರೂ ಕೇಳದೆ ಸಂಘಟಕರು ಮೈಸೂರಿನ ಯಾವುದೋ ಎಮ್ಮೆಯ ಕೊರಳಿಗೆ ಹಾರ ಹಾಕಿ ಹೋದರು.

ಎಲ್ಲರನ್ನೂ ಕಾಡಿದ್ದು ಮಾತ್ರ ಕೊನೆಯ ದೃಶ್ಯ. ಗಂಗಪ್ಪ ಬೀಳುವಾಗ ಆಕಾಶದಲ್ಲಿ ಚಂದ್ರನ ಪಕ್ಕಕ್ಕೆ ಇನ್ನೊಂದು ಚಂದ್ರ ಕಾಣುತ್ತಿತ್ತು. ಮಸುಕು ಹಳದಿ, ಅಂಚು ಹರಡಿಕೊಂಡ, ಒಳಗಿನಿಂದ ಬೆಳಗುವಂಥ ಚಂದ್ರ. ಒಬ್ಬರು ಅದನ್ನು ಮಾತೃತ್ವ ಎಂದರು. ಇನ್ನೊಬ್ಬರು ಕಳೆದುಹೋದ ಬಾಲ್ಯ ಎಂದರು. ಇಬ್ಬರೂ ಒಂದು ವಿಚಾರಸಂಕಿರಣದಲ್ಲಿ ಕೈ ಕೈ ಮಿಲಾಯಿಸುವ ಮಟ್ಟಕ್ಕೆ ಹೋದರು.

ಕೊನೆಗೆ ಪತ್ರಕರ್ತರೊಬ್ಬರು ಒಂಟಿಕೊಪ್ಪಲಿಗೇ ಬಂದು, ಟೇಪು ಚಾಲೂ ಮಾಡಿ, ಭಕ್ತಿಯಿಂದ ಕೇಳಿದರು: “ಅಮ್ಮ, ಆ ಎರಡನೆಯ ಚಂದ್ರನ ಮೂಲ ಯಾವುದು?”

ಅಹಲ್ಯಮ್ಮ ಎದುರುಮನೆಯ ಕಡೆ ಒಮ್ಮೆ ನೋಡಿದರು.

“ಬೋಂಡ,” ಎಂದರು. “ತುಂಗಮ್ಮನಿಗೆ ಎಷ್ಟು ಸಲ ಹೇಳಿದೀನಿ, ಎಣ್ಣೆ ಬಸಿದು ಕಟ್ಟೇ ಅಂತ.”